ದೇಹದ ಕರೆಗೆ ಓಗೊಡೋಣ



ಆರೋಗ್ಯ ಕೆಟ್ಟರೆ ಔಷಧಿ ಅಂಗಡಿ, ಅಂದ ಹೆಚ್ಚಬೇಕೆಂದರೆ ಬ್ಯೂಟಿ ಪಾರ್ಲರು, ಮನಸ್ಸಿಗೆ ಬೇಸರವಾದರೆ ಮೊಬೈಲು. ಹೀಗೆ ಒಂದೇ ಜೀವದ ಮೂರು ಅಗತ್ಯಗಳಿಗೆ ಮೂರು ಬಾಗಿಲು ತಟ್ಟುವುದು ನಮಗೆ ರೂಢಿಯಾಗಿಬಿಟ್ಟಿದೆ. ಈ ಮೂರಕ್ಕೂ ಬೇರು ಒಂದೇ ಎಂದು ನಾನು ನಂಬಿದ್ದೇನೆ. ನಮ್ಮ ಮೈ ದಿನಕ್ಕೆ ಹತ್ತಾರು ಸಲ ನಮ್ಮನ್ನು ಕರೆಯುತ್ತದೆ. ಬಾಯಾರಿದೆ ಎನ್ನುತ್ತದೆ, ಹಸಿದಿದೆ ಎನ್ನುತ್ತದೆ, ಇನ್ನು ಸಾಕು ಎನ್ನುತ್ತದೆ, ಕಣ್ಣು ಎಳೆಯುತ್ತಿದೆ ಎನ್ನುತ್ತದೆ, ಅತ್ತುಬಿಡಬೇಕು ಅನಿಸುತ್ತಿದೆ ಎನ್ನುತ್ತದೆ. ಆ ಕರೆಗಳಿಗೆ ಹೊತ್ತಿಗೆ ಸರಿಯಾಗಿ ಓಗೊಡುವುದೇ ದಿನನಿತ್ಯದ ಆರೈಕೆ. ಮಿಕ್ಕದ್ದೆಲ್ಲ ಅದರ ಮೇಲಿನ ಅಲಂಕಾರ.

ಇದು ಹೊಸ ಮಾತೇನಲ್ಲ. ಆಯುರ್ವೇದದ ಹಳೆಯ ಗ್ರಂಥವಾದ ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಶುರುವಾಗುವುದೇ ಇದರಿಂದ. ಮೈಯಲ್ಲಿ ತಾನಾಗಿ ಏಳುವ 13 ಒತ್ತಡಗಳನ್ನು ತಡೆಹಿಡಿಯಬಾರದು ಎಂದು ಅಲ್ಲಿ ಪಟ್ಟಿ ಮಾಡಿದ್ದಾರೆ. ಮಲಮೂತ್ರ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ದೆ, ದಣಿದಾಗ ಬರುವ ಏದುಸಿರು ಎಲ್ಲವೂ ಆ ಪಟ್ಟಿಯಲ್ಲಿವೆ. ಅವುಗಳ ನಡುವೆ ಕಣ್ಣೀರೂ ಇದೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಪಟ್ಟಿಯೂ ಇದೆ, ತಡೆಹಿಡಿಯಲೇಬೇಕಾದವುಗಳ ಪಟ್ಟಿ. ದುರಾಸೆ, ಸಿಟ್ಟು, ಹೊಟ್ಟೆಕಿಚ್ಚು, ಬಿರುನುಡಿ, ಚಾಡಿ, ಸುಳ್ಳು, ಹೊತ್ತಲ್ಲದ ಹೊತ್ತಿನ ಮಾತು ಇವೆಲ್ಲ ಅದರಲ್ಲಿ ಸೇರಿವೆ. ನಾವು ಈ ಎರಡು ಪಟ್ಟಿಗಳನ್ನು ಅದಲುಬದಲು ಮಾಡಿಕೊಂಡಿದ್ದೇವೆ. ಬಾಯಾರಿಕೆಯನ್ನೂ ನಿದ್ದೆಯನ್ನೂ ಕಣ್ಣೀರನ್ನೂ ತಡೆದುಕೊಳ್ಳುತ್ತೇವೆ, ಸಿಟ್ಟನ್ನೂ ಬಿರುಮಾತನ್ನೂ ಧಾರಾಳವಾಗಿ ಹರಿಯಬಿಡುತ್ತೇವೆ. ಹಳೆಯ ಗ್ರಂಥದಲ್ಲಿದೆ ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಆದರೆ ಈ ವಿಷಯದಲ್ಲಿ ಇಂದಿನ ವೈದ್ಯರು ಹೇಳುವುದೂ ಬಹುಮಟ್ಟಿಗೆ ಅದನ್ನೇ. ಆದ್ದರಿಂದ ಒಂದೊಂದೇ ಕರೆಯನ್ನು ತೆಗೆದುಕೊಂಡು ನೋಡೋಣ.

ಮೊದಲನೆಯದು ಬಾಯಾರಿಕೆ. ಮನೆಯ ಹೆಣ್ಣುಮಗಳು ಬೆಳಗ್ಗೆ ಐದಕ್ಕೆ ಎದ್ದು ಬಾಗಿಲು ಸಾರಿಸಿ, ರಂಗೋಲಿ ಹಾಕಿ, ಹಾಲು ಕಾಯಿಸಿ, ತಿಂಡಿ ಮಾಡಿ, ಮಕ್ಕಳ ಡಬ್ಬಿ ಕಟ್ಟಿ, ಎಲ್ಲರನ್ನೂ ಕಳಿಸುವ ಹೊತ್ತಿಗೆ ಒಂಬತ್ತು ದಾಟಿರುತ್ತದೆ. ಅಷ್ಟರಲ್ಲಿ ಆಕೆ ಕುಡಿದಿರುವುದು ಬರೀ ಒಂದು ಲೋಟ ಕಾಫಿ. ದೊಡ್ಡವರಿಗೆ ದಿನಕ್ಕೆ ಸುಮಾರು ಎರಡು ಲೀಟರು ನೀರು ಬೇಕು. ನಮ್ಮ ಕಲಬುರಗಿ, ರಾಯಚೂರಿನ ಬಿಸಿಲಿಗೆ, ಹೊಲದ ಕೆಲಸಕ್ಕೆ ಇನ್ನೂ ಹೆಚ್ಚು ಬೇಕು. ಲೋಟ ಎಣಿಸುತ್ತಾ ಕೂರುವುದು ಕಷ್ಟವಾದರೆ ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿಹಳದಿಯಾಗಿದ್ದರೆ ಸರಿ, ಗಾಢ ಹಳದಿಯಾಗಿದ್ದರೆ ಮೈ ನೀರು ಕೇಳುತ್ತಿದೆ ಎಂದೇ ಅರ್ಥ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದ ಅಳತೆಯಲ್ಲೇ ಕುಡಿಯಬೇಕು. ವಯಸ್ಸಾದವರಿಗೆ ಬಾಯಾರಿಕೆಯೇ ಗೊತ್ತಾಗುವುದು ಕಡಿಮೆ, ಆದ್ದರಿಂದ ಅಜ್ಜ ಅಜ್ಜಿಯರ ಕೈಗೆ ನೀರಿನ ಲೋಟ, ಮಜ್ಜಿಗೆಯ ಲೋಟ ಕೊಡುವುದು ಮನೆಯವರ ಕೆಲಸ.

ಇಲ್ಲಿ ಬಾಣಂತಿಯರ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಬಾಣಂತನದ ಪದ್ಧತಿಯಲ್ಲಿ ಬಹಳ ಒಳ್ಳೆಯ ಅಂಶಗಳಿವೆ. ಹೆತ್ತ ಹೆಣ್ಣಿಗೆ ತವರಿನ ವಿಶ್ರಾಂತಿ, ಎಣ್ಣೆ ತಿಕ್ಕಿ ಬಿಸಿನೀರಿನ ಸ್ನಾನ, ಹೊತ್ತುಹೊತ್ತಿಗೆ ಬೇರೆಯವರು ಮಾಡಿ ಬಡಿಸುವ ಊಟ. ಇವನ್ನು ಉಳಿಸಿಕೊಳ್ಳೋಣ. ಆದರೆ ಬಾಣಂತಿಗೆ ನೀರು ಕೊಟ್ಟರೆ ಶೀತವಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ಆಕೆಯನ್ನು ಬಾಯಾರಿಸಿ ಇಡುವುದನ್ನು ಬಿಟ್ಟುಬಿಡೋಣ. ಎದೆಹಾಲಿನ ಬಹುಪಾಲು ನೀರೇ. ಹಾಲೂಡುವ ತಾಯಿಗೆ ಬೇರೆಯವರಿಗಿಂತ ಹೆಚ್ಚು ನೀರು ಬೇಕು. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ, ತಲೆನೋವು, ಸುಸ್ತು ಎಲ್ಲವೂ ಒಟ್ಟಿಗೆ ಕಾಡುತ್ತವೆ. ಬೆಚ್ಚಗಿನ ನೀರನ್ನೇ ಕೊಡಿ, ಜೀರಿಗೆ ಹಾಕಿ ಕುದಿಸಿಯೇ ಕೊಡಿ, ಆದರೆ ಆಕೆ ಕೇಳಿದಷ್ಟು ಕೊಡಿ.

ಬಾಯಾರಿಕೆಯ ಜತೆಗೇ ಬರುವುದು ಮೂತ್ರದ ಒತ್ತಡ. ಇದರ ಬಗ್ಗೆ ಬಾನುಲಿಯಲ್ಲಿ ಮಾತಾಡಲು ಸಂಕೋಚ ಪಡಬೇಕಾಗಿಲ್ಲ. ಸಂಕೋಚದಿಂದಲೇ ನಮ್ಮ ಹೆಣ್ಣುಮಕ್ಕಳು ಕಷ್ಟ ಪಡುತ್ತಿದ್ದಾರೆ. ಸಂತೆಯಲ್ಲಿ ತರಕಾರಿ ಮಾರುವವರು, ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವರು, ದೂರದ ಬಸ್ಸಿನಲ್ಲಿ ಓಡಾಡುವವರು, ಶಾಲೆಯ ಶಿಕ್ಷಕಿಯರು, ಓದುವ ಹುಡುಗಿಯರು, ಇವರಲ್ಲಿ ಎಷ್ಟೋ ಮಂದಿ ಶೌಚಾಲಯ ಸರಿಯಿಲ್ಲವೆಂದು ಬೆಳಗ್ಗೆಯಿಂದ ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ತಡೆದುಕೊಳ್ಳಬೇಕಾಗುತ್ತದೆಂದು ನೀರನ್ನೇ ಕುಡಿಯುವುದಿಲ್ಲ. ಹೆಂಗಸರಲ್ಲಿ ಮೂತ್ರನಾಳದ ಉದ್ದ ಕೇವಲ ನಾಲ್ಕು ಸೆಂಟಿಮೀಟರಿನಷ್ಟು, ಸೋಂಕು ಮೂತ್ರಕೋಶಕ್ಕೆ ಏರುವುದು ಸುಲಭ. ನೀರು ಕುಡಿದು ಆಗಾಗ ಮೂತ್ರ ಹೋಗುತ್ತಿದ್ದರೆ ರೋಗಾಣುಗಳು ಕೊಚ್ಚಿಹೋಗುತ್ತವೆ, ತಡೆದರೆ ಒಳಗೇ ಬೆಳೆಯುತ್ತವೆ. ಮೂರು ನಾಲ್ಕು ಗಂಟೆಗೊಮ್ಮೆ ಹೋಗಿಬರುವುದನ್ನು ಅಭ್ಯಾಸ ಮಾಡಿಕೊಳ್ಳಿ. ಉರಿ, ಜ್ವರ, ಬೆನ್ನಿನ ಕೆಳಗೆ ನೋವು ಕಂಡರೆ ಎಳನೀರು ಕುಡಿದರೆ ಹೋಗುತ್ತದೆಂದು ಕಾಯದೆ ವೈದ್ಯರಿಗೆ ತೋರಿಸಿ. ಇದು ಬರೀ ಹೆಣ್ಣುಮಕ್ಕಳು ತಾವಾಗಿ ಸರಿಪಡಿಸಿಕೊಳ್ಳುವ ವಿಷಯವೂ ಅಲ್ಲ. ನೀರಿರುವ, ಬಾಗಿಲು ಭದ್ರವಾಗಿರುವ ಶೌಚಾಲಯ ಕೇಳುವುದು ಪಂಚಾಯಿತಿ ಸಭೆಯಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ, ಕಾರ್ಖಾನೆಯ ಸಭೆಯಲ್ಲಿ ಗಟ್ಟಿಯಾಗಿ ಎತ್ತಬೇಕಾದ ಬೇಡಿಕೆ.

ಮುಂದಿನ ಕರೆ ಹಸಿವು. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಹೆಂಗಸರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಸಾರಿನಲ್ಲಿ ತರಕಾರಿ ಮುಗಿದು ತಿಳಿ ಮಾತ್ರ ಉಳಿದಿರುತ್ತದೆ. ಇದರ ಫಲವೇನು ಎಂಬುದನ್ನು 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಮೆಟ್ಟಿಲು ಹತ್ತಿದರೆ ಏದುಸಿರು, ಕಾರಣವಿಲ್ಲದ ಸಿಡುಕು, ಕೂದಲು ಉದುರುವುದು, ಉಗುರು ಬಿಳಿಚಿಕೊಳ್ಳುವುದು, ಮಣ್ಣು, ಬಳಪ, ಅಕ್ಕಿ ತಿನ್ನಬೇಕೆನ್ನುವ ಚಪಲ, ಇವೆಲ್ಲ ರಕ್ತ ಕಡಿಮೆಯಾಗಿದೆ ಎಂಬ ಸೂಚನೆಗಳು. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ಪರೀಕ್ಷೆ ಮಾಡಿಸಬಹುದು, ಕಬ್ಬಿಣಾಂಶದ ಮಾತ್ರೆಗಳು ಆಶಾ ಕಾರ್ಯಕರ್ತೆಯರ ಮೂಲಕವೂ ಸಿಗುತ್ತವೆ. ಗರ್ಭಿಣಿಯರು 180 ದಿನ ಅವನ್ನು ತಪ್ಪದೆ ತೆಗೆದುಕೊಳ್ಳಬೇಕು.

ತಟ್ಟೆಯಲ್ಲಿ ಏನಿರಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ದೊಡ್ಡವರು ದಿನಕ್ಕೆ ಸೊಪ್ಪು ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ತಿನ್ನಬೇಕು. ಉಪ್ಪು ಐದು ಗ್ರಾಂ, ಅಂದರೆ ಒಂದು ಚಿಕ್ಕ ಚಮಚದೊಳಗೆ ಇರಬೇಕು. ಇದಕ್ಕೆ ದುಬಾರಿ ಪುಡಿಗಳು, ಹೊರದೇಶದ ಕಾಳುಗಳು ಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಯಾವ ಅಕ್ಕಿ, ಗೋಧಿಯಲ್ಲೂ ಅಷ್ಟಿಲ್ಲ. ಹಳೇ ಮೈಸೂರಿನ ಮುದ್ದೆ ಬಸ್ಸಾರು, ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ಜತೆಗಿನ ಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಮೆಂತ್ಯದ ಸೊಪ್ಪು, ಮಲೆನಾಡಿನ ತಂಬುಳಿ, ಕರಾವಳಿಯ ಮೀನು ಗಂಜಿ, ಇವೆಲ್ಲ ತೂಕವಾದ ಊಟಗಳೇ. ಸೊಪ್ಪಿನ ಪಲ್ಯದ ಮೇಲೆ ಒಂದು ಹೋಳು ನಿಂಬೆ ಹಿಂಡಿದರೆ ಅದರಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಟೀ ಕುಡಿದರೆ ಹತ್ತುವುದು ಕಡಿಮೆ. ಟೀ, ಕಾಫಿ ಬೇಕೆಂದರೆ ಊಟಕ್ಕೂ ಅದಕ್ಕೂ ಒಂದು ಗಂಟೆಯ ಅಂತರವಿರಲಿ. ಹಸಿವು ಮುಚ್ಚಲು ಹೊಗೆಸೊಪ್ಪು, ಗುಟ್ಕಾ ಬಾಯಿಗೆ ಹಾಕಿಕೊಳ್ಳುವ ಕೂಲಿಕಾರರಿದ್ದಾರೆ. ಹಸಿವು ಅದರಿಂದ ಅಡಗಿದಂತೆ ಕಾಣುತ್ತದೆ, ಬಾಯಿಯ ಕ್ಯಾನ್ಸರಿಗೆ ಮಾತ್ರ ದಾರಿಯಾಗುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದು ಹೊಟ್ಟೆತುಂಬ ತಿನ್ನುವವನ ಬಗ್ಗೆ ಅಲ್ಲ, ಹೊತ್ತು, ಹದ, ಹಿತ ಅರಿತು ಉಣ್ಣುವವನ ಬಗ್ಗೆ.

ಇನ್ನು ಅಂದಚಂದದ ಮಾತಿಗೆ ಬರೋಣ. ಚೆನ್ನಾಗಿ ಕಾಣಬೇಕು ಎನ್ನುವುದು ಹುಡುಗುತನವೂ ಅಲ್ಲ, ಒಣಜಂಭವೂ ಅಲ್ಲ. ತಲೆ ಬಾಚಿ, ಹೂ ಮುಡಿದು, ಒಗೆದ ಬಟ್ಟೆ ಉಟ್ಟು ಹೊರಗೆ ಬಂದಾಗ ಮನಸ್ಸಿಗೆ ಬರುವ ಹುರುಪು ನಿಜವಾದದ್ದು. ಆದರೆ ಚರ್ಮ, ಕೂದಲು, ಉಗುರು ಒಳಗಿನ ಸ್ಥಿತಿಯನ್ನು ಹೊರಗೆ ತೋರಿಸುತ್ತವೆ ಎಂಬುದನ್ನು ಮರೆಯಬಾರದು. ಅವು ಕಳಿಸುವ ಸುದ್ದಿಯನ್ನು ಓದದೆ ಮೇಲೆ ಬಣ್ಣ ಬಳಿದರೆ ಪ್ರಯೋಜನವಿಲ್ಲ.

ಕೂದಲನ್ನೇ ತೆಗೆದುಕೊಳ್ಳಿ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಹೆರಿಗೆಯಾದ ಮೇಲೆ, ಟೈಫಾಯಿಡ್, ಡೆಂಗಿಯಂಥ ಜ್ವರ ಬಂದುಹೋದ ಮೇಲೆ, ದೊಡ್ಡ ಆಘಾತವಾದ ಮೇಲೆ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಆಗ ಹೆದರಿ ಹತ್ತು ಎಣ್ಣೆ ಬದಲಾಯಿಸುವವರಿದ್ದಾರೆ. ಹೆಚ್ಚಿನವರಲ್ಲಿ ಅದು ಕೆಲವು ತಿಂಗಳಲ್ಲಿ ತಾನಾಗಿ ನಿಂತು ಹೊಸ ಕೂದಲು ಬರುತ್ತದೆ. ನಿಲ್ಲದಿದ್ದರೆ ಪರೀಕ್ಷಿಸಬೇಕಾದದ್ದು ರಕ್ತವನ್ನು ಮತ್ತು ಥೈರಾಯ್ಡನ್ನು. ಎಣ್ಣೆಗೆ ತನ್ನದೇ ಆದ ಜಾಗವಿದೆ. ತೆಂಗಿನೆಣ್ಣೆ ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಆಗುವ ಸವೆತವನ್ನು ತಗ್ಗಿಸುತ್ತದೆ. ಉದ್ದ ಕೂದಲಿಗೆ, ಒಣ ಕೂದಲಿಗೆ ಅದು ಒಳ್ಳೆಯದು. ತಲೆಹೊಟ್ಟು ಹೆಚ್ಚಿರುವವರು ಮಾತ್ರ ರಾತ್ರಿಯಿಡೀ ಎಣ್ಣೆ ಬಿಡದೆ ಬೇಗ ತೊಳೆದುಕೊಳ್ಳುವುದು ಮೇಲು.

ಎಣ್ಣೆನೀರಿನ ಸ್ನಾನ ನಮ್ಮ ಮನೆಗಳಿಂದ ಮೆಲ್ಲಗೆ ಮರೆಯಾಗುತ್ತಿದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ, ಯುಗಾದಿಗೆ ಮಾತ್ರ ಉಳಿದುಕೊಂಡಿದೆ. ಸುಮಾರು ಏಳನೆಯ ಶತಮಾನದ ಆಯುರ್ವೇದ ಪಂಡಿತ ವಾಗ್ಭಟ ತನ್ನ ಅಷ್ಟಾಂಗಹೃದಯದ ಎರಡನೆಯ ಅಧ್ಯಾಯವನ್ನು ದಿನಚರಿಗೇ ಮೀಸಲಿಟ್ಟ. ಮೈಗೆ ಎಣ್ಣೆ ಹಚ್ಚುವಾಗ ತಲೆ, ಕಿವಿ, ಅಂಗಾಲುಗಳನ್ನು ಮರೆಯಬೇಡ ಎಂದ. ಬಿಸಿನೀರು ಕತ್ತಿನಿಂದ ಕೆಳಕ್ಕೆ ಬಲ ಕೊಡುತ್ತದೆ, ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಒಳ್ಳೆಯದಲ್ಲ ಎಂದೂ ಹೇಳಿದ. ಹಂಡೆಯಲ್ಲಿ ಕಾದ ನೀರನ್ನು ಹಾಗೇ ತಲೆಗೆ ಹುಯ್ಯುವ ಮನೆಗಳು ಇದನ್ನು ನೆನಪಿಡಬೇಕು. ತುಂಬ ಬಿಸಿಯಾದ ನೀರು ಚರ್ಮದ ಜಿಡ್ಡನ್ನೆಲ್ಲ ತೆಗೆದು ಒಣಗಿಸುತ್ತದೆ ಎಂದು ಚರ್ಮವೈದ್ಯರೂ ಹೇಳುತ್ತಾರೆ. ವಾರಕ್ಕೊಂದು ದಿನ, ಎಳ್ಳೆಣ್ಣೆಯೋ ಕೊಬ್ಬರಿಯೆಣ್ಣೆಯೋ ಹರಳೆಣ್ಣೆಯೋ ನಿಮ್ಮ ಸೀಮೆಯಲ್ಲಿ ಯಾವುದು ರೂಢಿಯೋ ಅದನ್ನು ಬೆಚ್ಚಗೆ ಮಾಡಿ ತಿಕ್ಕಿಕೊಂಡು, ಅರ್ಧ ಗಂಟೆ ಬಿಟ್ಟು, ಸೀಗೇಪುಡಿಯಲ್ಲೋ ಅಂಟುವಾಳದಲ್ಲೋ ಕಡಲೆಹಿಟ್ಟಿನಲ್ಲೋ ತೊಳೆದುಕೊಳ್ಳಿ. ಚರ್ಮ ಮೆದುವಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಎಂದರೆ ಆ ಅರ್ಧ ಗಂಟೆಯಲ್ಲಿ ನಿಮ್ಮ ಮೈಯನ್ನು ನೀವೇ ಮುಟ್ಟಿ ನೋಡಿರುತ್ತೀರಿ. ಎದೆಯಲ್ಲಿ ಗಂಟು, ವಾಸಿಯಾಗದ ಹುಣ್ಣು, ಸ್ಪರ್ಶ ತಿಳಿಯದ ಮಚ್ಚೆ ಏನಾದರೂ ಇದ್ದರೆ ಮೊದಲೇ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಅಂಗಾಲನ್ನು ಪ್ರತಿ ರಾತ್ರಿ ನೋಡಿಕೊಳ್ಳಬೇಕು, ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಬೇಕು. ಅವರಿಗೆ ಗಾಯದ ನೋವೂ ಗೊತ್ತಾಗದೆ ಹೋಗಬಹುದು.

ಮುಖದ ಬಣ್ಣದ ವಿಷಯದಲ್ಲಿ ನನ್ನ ಎದೆ ನಿಜವಾಗಿಯೂ ಉರಿಯುತ್ತದೆ. ಬೆಳ್ಳಗಾಗುವ ಆಸೆಗೆ ನಮ್ಮ ಹೆಣ್ಣುಮಕ್ಕಳು, ಈಗೀಗ ಗಂಡುಹುಡುಗರೂ, ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ವರ್ಷಗಟ್ಟಲೆ ಹಚ್ಚಿಕೊಳ್ಳುತ್ತಿದ್ದಾರೆ. ಮೊದಲ ಕೆಲವು ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣಿಸಿಕೊಂಡು, ಕೆನ್ನೆಯಲ್ಲಿ ಕೂದಲು ಬೆಳೆದು, ಬಿಟ್ಟರೆ ಮುಖವೆಲ್ಲ ಉರಿದು ಮೊಡವೆ ಏಳುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂಥ ಮುಲಾಮನ್ನು ಕೊಳ್ಳಬೇಡಿ, ಹಚ್ಚಬೇಡಿ, ಗೆಳತಿಗೂ ಕೊಡಬೇಡಿ. ನಿಂಬೆರಸವನ್ನು ಹಾಗೇ ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಕಲೆಗಳೇ ಬೀಳಬಹುದು. ಬಂಗು ಇರುವವರಿಗೆ ಬಿಸಿಲೇ ಶತ್ರು. ಹೊಲಕ್ಕೆ ಹೋಗುವಾಗ ಸೆರಗೋ ಟೋಪಿಯೋ ಕೊಡೆಯೋ ಮುಖಕ್ಕೆ ನೆರಳಾಗಿರಲಿ, ಸಾಧ್ಯವಿದ್ದವರು ಸನ್‌ಸ್ಕ್ರೀನ್ ಹಚ್ಚಿಕೊಳ್ಳಲಿ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗಿದ್ದರೆ ಅದು ಕೊಳೆ ಅಲ್ಲ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಮೈ ಅಲ್ಲಿ ಬರೆದು ತೋರಿಸುತ್ತಿರುತ್ತದೆ. ಮಕ್ಕಳಲ್ಲಿ ಇದು ಕಂಡರೆ ಬೈದು ತಿಕ್ಕುವ ಬದಲು ಸಕ್ಕರೆಯ ಅಂಶ ಪರೀಕ್ಷಿಸಿ, ಆಟಕ್ಕೆ ಕಳಿಸಿ. ಹುಡುಗಿಯರಲ್ಲಿ ಮುಟ್ಟು ತಿಂಗಳುಗಟ್ಟಲೆ ತಪ್ಪುವುದರ ಜತೆಗೆ ಮೊಡವೆ, ಗಡ್ಡದ ಜಾಗದಲ್ಲಿ ಕೂದಲು ಕಂಡರೂ ವೈದ್ಯರ ಹತ್ತಿರ ಹೋಗಬೇಕು, ಪಾರ್ಲರಿಗೆ ಆಮೇಲೆ ಹೋಗಬಹುದು.

ಮುಂದಿನ ಕರೆ ದಣಿವು. ಇದು ಎರಡು ಬಗೆಯದು. ದಿನವಿಡೀ ಕುರ್ಚಿಯಲ್ಲಿ ಕೂತವರ ದಣಿವು ಒಂದು, ನಾಟಿ ಹಾಕಿ, ಕಳೆ ಕಿತ್ತು, ನೀರು ಹೊತ್ತವರ ದಣಿವು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಹೇಳುವುದು ತಪ್ಪು. ಮೊದಲನೆಯವರು ನಡೆಯಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡನೆಯವರು ಕೂರಬೇಕು. ಮಧ್ಯಾಹ್ನ ಅರ್ಧ ಗಂಟೆ ಬೆನ್ನು ಚಾಚಬೇಕು. ಅವರನ್ನು ಸೋಮಾರಿ ಎನ್ನುವ ಬಾಯಿಗಳು ಮುಚ್ಚಬೇಕು. ಎಷ್ಟು ವ್ಯಾಯಾಮ ಮಾಡಬೇಕೆಂಬುದಕ್ಕೆ ವಾಗ್ಭಟ ಕೊಟ್ಟ ಅಳತೆ ತನ್ನ ಶಕ್ತಿಯ ಅರ್ಧ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು ಎನ್ನುವುದು ಇಂದಿನವರ ಅಳತೆ. ಎರಡೂ ಹೇಳುವುದು ಮಿತಿಯನ್ನೇ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನು ನೆನೆಯಿರಿ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಕಾಡಿದ ನಿಶ್ಶಕ್ತ ಹುಡುಗ ಅವರು. ಮೈಸೂರಿಗೆ ಬಂದು ಭಾವನಾದ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತರು. ಮುಂದೆ ಹಗ್ಗ, ಹಲಗೆ, ಬೆಲ್ಟು, ಕುರ್ಚಿಗಳ ಆಸರೆ ಕೊಟ್ಟು ವಯಸ್ಸಾದವರೂ ರೋಗಿಗಳೂ ಆಸನ ಮಾಡುವಂತೆ ದಾರಿ ತೋರಿಸಿದರು. 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೈ ದುರ್ಬಲವಾಗಿದೆ, ನನ್ನಿಂದ ಆಗದು ಎನ್ನುವವರಿಗೆ ಅವರ ಬದುಕೇ ಉತ್ತರ. ಆಗುವಷ್ಟರಿಂದ ಶುರುಮಾಡಿ, ಬೇಕಾದರೆ ಗೋಡೆ ಹಿಡಿದುಕೊಂಡು ಶುರುಮಾಡಿ.

ನಿದ್ದೆಯ ಕರೆಗೆ ಬರೋಣ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇವತ್ತು ಹಾಸಿಗೆಗೇ ಸಂತೆ ಬಂದಿದೆ, ಮೊಬೈಲಿನ ರೂಪದಲ್ಲಿ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಕತ್ತಲಾದ ಮೇಲೆ ನಮ್ಮ ಮೆದುಳು ನಿದ್ದೆ ತರುವ ಮೆಲಟೋನಿನ್ ಎಂಬ ರಸವನ್ನು ಬಿಡುತ್ತದೆ. ಕಣ್ಣಿಗೆ ಹತ್ತಿರ ಹಿಡಿದ ಬೆಳಕು ಅದನ್ನು ತಡೆಯುತ್ತದೆ. ಮಲಗುವುದಕ್ಕೆ ಒಂದು ಗಂಟೆ ಮೊದಲು ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಸಂಜೆ ಕುಡಿದ ಕಾಫಿಯ ಸತ್ವ ಅರ್ಧದಷ್ಟು ಇಳಿಯಲಿಕ್ಕೇ ಐದಾರು ಗಂಟೆ ಬೇಕು, ಆದ್ದರಿಂದ ನಾಲ್ಕರ ಮೇಲೆ ಕಾಫಿ ಬೇಡ. ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಗ್ಗೆ ಒಂದೇ ಹೊತ್ತಿಗೆ ಎದ್ದು ಎಳೆಬಿಸಿಲಿಗೆ ಮುಖ ಕೊಡಿ, ಕೆಲವೇ ದಿನಗಳಲ್ಲಿ ರಾತ್ರಿಯ ನಿದ್ದೆ ಸರಿಯಾಗಿ ಬರತೊಡಗುತ್ತದೆ.

ಆದರೆ ನಿದ್ದೆ ಎಲ್ಲರ ಕೈಯಲ್ಲೂ ಇಲ್ಲ. ಪಂಪ್‌ಸೆಟ್ಟಿಗೆ ಕರೆಂಟು ಬರುವುದೇ ನಡುರಾತ್ರಿ ಎಂದಾದರೆ ರೈತ ಮಲಗುವುದು ಹೇಗೆ? ರಾತ್ರಿ ಪಾಳಿಯ ನರ್ಸು, ಕಾವಲುಗಾರ, ಚಾಲಕ, ಕಾಲ್ ಸೆಂಟರಿನ ಹುಡುಗ ಹುಡುಗಿಯರು ಹಗಲಲ್ಲಿ ಮಲಗಲೇಬೇಕು. ಅವರ ಕೋಣೆಗೆ ಕಪ್ಪು ಪರದೆ ಕಟ್ಟಿ, ಕುಕ್ಕರಿನ ಸದ್ದು, ಟೀವಿಯ ಸದ್ದು ತಗ್ಗಿಸಿ, ಅವರ ನಿದ್ದೆಯನ್ನು ಮನೆಯವರೆಲ್ಲ ಕಾಯಬೇಕು. ಎಳೆಗೂಸಿನ ತಾಯಿ ಮಗು ಮಲಗಿದಾಗ ತಾನೂ ಮಲಗಲಿ. ಆ ಹೊತ್ತಿಗೆ ಬಟ್ಟೆ ಒಗೆಯುವ ಕೈ ಬೇರೆಯವರದ್ದಾಗಿರಲಿ.

ಕೊನೆಯ ಕರೆ ಕಣ್ಣೀರು. ಇದನ್ನು ನಾವು ಎಲ್ಲಕ್ಕಿಂತ ಹೆಚ್ಚಾಗಿ ಅದುಮುತ್ತೇವೆ. ಗಂಡಸು ಅಳಬಾರದು ಎನ್ನುತ್ತೇವೆ. ಹೆಂಗಸು ಅತ್ತರೆ ನಾಟಕ ಎನ್ನುತ್ತೇವೆ. ಮಕ್ಕಳು ಅತ್ತರೆ ಬಾಯಿ ಮುಚ್ಚು ಎನ್ನುತ್ತೇವೆ. ಸಾಲ ತಲೆಯ ಮೇಲಿರುವ ರೈತ, ಕೆಲಸ ಕಳೆದುಕೊಂಡ ತಂದೆ, ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ವಿದ್ಯಾರ್ಥಿ, ಇವರು ಒಬ್ಬರೆದುರಿಗಾದರೂ ಅತ್ತು ಹೇಳಿಕೊಂಡರೆ ಉಳಿದುಕೊಳ್ಳುತ್ತಿದ್ದ ಜೀವಗಳು ಎಷ್ಟೋ. ಚರಕಸಂಹಿತೆ ಶೋಕವನ್ನು ತಡೆಯಬೇಕಾದವುಗಳಲ್ಲಿ ಸೇರಿಸುತ್ತದೆ, ಕಣ್ಣೀರನ್ನು ತಡೆಯಬಾರದವುಗಳಲ್ಲಿ ಇಡುತ್ತದೆ. ದುಃಖವನ್ನು ಸಾಕಿ ಬೆಳೆಸಬೇಡ, ಆದರೆ ಅಳು ಬಂದಾಗ ಅಳು ಎಂದು ಇದನ್ನು ನಾನು ಓದಿಕೊಳ್ಳುತ್ತೇನೆ. ಎದುರಿಗೆ ಯಾರಾದರೂ ಅತ್ತರೆ ಉಪದೇಶ ಬೇಡ, ಸುಮ್ಮನೆ ಪಕ್ಕದಲ್ಲಿ ಕೂರಿ. ಜಗಲಿಯ ಹರಟೆ, ಸ್ತ್ರೀಶಕ್ತಿ ಸಂಘದ ಸಭೆ, ಭಜನೆ, ಕೆರೆಯ ಏರಿಯ ಮೇಲಿನ ನಡಿಗೆ, ಇವೆಲ್ಲ ಮನಸ್ಸಿನ ಭಾರ ಇಳಿಸುವ ಜಾಗಗಳೇ. ಅವನ್ನು ಕಳೆದುಕೊಳ್ಳಬೇಡಿ.

ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಮಂಕಾಗಿದ್ದರೆ, ಇಷ್ಟವಾದದ್ದೂ ಬೇಡವಾದರೆ, ಊಟ ನಿದ್ದೆ ಸೇರದಿದ್ದರೆ, ಬದುಕೇ ಸಾಕು ಅನಿಸಿದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿದೆ. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪ ಪಡೆಯಿತು. ಮಾನಸಿಕ ಚಿಕಿತ್ಸೆಯನ್ನು ದೊಡ್ಡಾಸ್ಪತ್ರೆಯ ಗೇಟಿನಿಂದ ಹೊರತಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸುವ ಪ್ರಯೋಗವನ್ನು ಅದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಸಹಾಯವಾಣಿಯನ್ನು ಆರಂಭಿಸಿತು. ಸಂಖ್ಯೆ 14416. ಮತ್ತೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ, 1 4 4 1 6. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಇಷ್ಟು ತಡೆಯಬಾರದ ಕರೆಗಳಾದವು. ತಡೆಯಬೇಕಾದವುಗಳ ಪಟ್ಟಿ ಹಾಗೇ ಉಳಿದಿದೆ. ಹೊಟ್ಟೆಕಿಚ್ಚನ್ನು ಗಮನಿಸಿ. ಮೊಬೈಲಿನಲ್ಲಿ ಬಣ್ಣ ತಿದ್ದಿದ ಮುಖಗಳನ್ನು ನೋಡಿ ತಮ್ಮ ಮುಖವನ್ನು ಹಳಿದುಕೊಳ್ಳುವ ಹುಡುಗಿಯರ ಸಂಕಟಕ್ಕೆ ಯಾವ ಮುಲಾಮೂ ಇಲ್ಲ, ಆ ಹೋಲಿಕೆಯನ್ನು ನಿಲ್ಲಿಸುವುದೇ ಮದ್ದು. ಸಿಟ್ಟನ್ನು ಗಮನಿಸಿ. ಒಂದು ಲೋಟ ನೀರು ಕುಡಿದು, ಹತ್ತು ಸಲ ನಿಧಾನವಾಗಿ ಉಸಿರು ಬಿಟ್ಟು ಆಮೇಲೆ ಮಾತಾಡಿದರೆ ಎಷ್ಟೋ ಬಿರುನುಡಿಗಳು ಬಾಯಲ್ಲೇ ಕರಗುತ್ತವೆ. ನೀ ಕಪ್ಪಗಾಗಿದ್ದೀಯ, ದಪ್ಪಗಾಗಿದ್ದೀಯ, ಇನ್ನೂ ಮದುವೆ ಯಾಕಿಲ್ಲ, ಮಕ್ಕಳು ಯಾಕಿಲ್ಲ ಎಂದು ಮದುವೆಮನೆಗಳಲ್ಲಿ ಕೇಳುವ ಮಾತುಗಳು ಹೊತ್ತಲ್ಲದ ಹೊತ್ತಿನ ಮಾತುಗಳೇ. ಅವನ್ನು ತಡೆದುಕೊಂಡರೆ ಹೇಳುವವರಿಗೆ ನಷ್ಟವಿಲ್ಲ, ಕೇಳುವವರ ನಿದ್ದೆ ಉಳಿಯುತ್ತದೆ. ನಮ್ಮ ನಾಲಿಗೆಯ ಸಂಯಮ ಇನ್ನೊಬ್ಬರ ಆರೋಗ್ಯವೂ ಹೌದು.

ಇಷ್ಟನ್ನೆಲ್ಲ ನಾಳೆಯಿಂದಲೇ ಮಾಡಿ ಎಂದು ನಾನು ಹೇಳುವುದಿಲ್ಲ. ನೀವು ಅತಿ ಹೆಚ್ಚು ಅದುಮುತ್ತಿರುವ ಕರೆ ಯಾವುದು ಎಂದು ನಿಮಗೇ ಗೊತ್ತು. ಅದೊಂದನ್ನು ಆರಿಸಿಕೊಳ್ಳಿ. ಅದು ರೂಢಿಯಾದ ಮೇಲೆ ಮತ್ತೊಂದಕ್ಕೆ ಹೋಗಿ. ನಿಮ್ಮ ಮನೆಯಲ್ಲಿ ಎಲ್ಲರ ಕರೆಗೂ ಓಗೊಟ್ಟು ತನ್ನದನ್ನು ಮಾತ್ರ ಮರೆತ ಒಂದು ಜೀವ ಇದ್ದೇ ಇರುತ್ತದೆ. ತಾಯಿಯೋ ಅಕ್ಕನೋ ಹೆಂಡತಿಯೋ ವಯಸ್ಸಾದ ಅಪ್ಪನನ್ನು ನೋಡಿಕೊಳ್ಳುತ್ತಿರುವ ಮಗನೋ ಇರಬಹುದು. ಇವತ್ತು ರಾತ್ರಿ ಅವರನ್ನು ಮೊದಲ ಪಂಕ್ತಿಗೆ ಕೂರಿಸಿ, ಬಿಸಿಬಿಸಿಯಾಗಿ ನೀವೇ ಬಡಿಸಿ, ಪಾತ್ರೆಯನ್ನು ನೀವೇ ತೊಳೆಯಿರಿ, ಹೊತ್ತಿಗೆ ಮಲಗಲು ಬಿಡಿ. ತನ್ನನ್ನು ತಾನು ನೋಡಿಕೊಳ್ಳುವುದು ಸ್ವಾರ್ಥ ಎಂಬ ಅಳುಕು ಅವರ ಮನಸ್ಸಿನಿಂದ ಹೋಗಬೇಕಾದರೆ ಅದನ್ನು ಮನೆಯವರೇ ಬಾಯಿಬಿಟ್ಟು ಹೇಳಬೇಕು, ಕೈಯಾರೆ ಮಾಡಿ ತೋರಿಸಬೇಕು.